ಅಮಾನತ್ತಿನ ಆರ್ಕಿಡ್

೨೦೦೧ನೆಯ ಇಸವಿಯಲ್ಲಿ ನಾನು ಮಹಾರಾಷ್ಟ್ರದ ಕೃಷಿ ಖಾತೆಯಲ್ಲಿ ಪರ್ಯವೇಕ್ಷಕನಾಗಿದ್ದೆ. ಜತ್ತ ತಾಲೂಕಿನ ಪೂರ್ವ ಭಾಗ, ಅಂದರೆ ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ಕನ್ನಡ ಮಾತಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಪರ್ಯವೇಕ್ಷಕ ಎಂದರೆ ದೊಡ್ಡ ಹುದ್ದೆಯೇನಲ್ಲ. ಮೇಲಿನ ಸಾಹೇಬರು ಕಾಗದದಲ್ಲಿ ಬರೆದದ್ದನ್ನು ಹೊಲದಲ್ಲಿ ನಿಂತು ಹೇಳುವವನು, ಹೊಲದವರು ಬೈದದ್ದನ್ನು ಮೆತ್ತಗೆ ಮಾಡಿ ಮೇಲಿನವರಿಗೆ ಮುಟ್ಟಿಸುವವನು. ದಾಳಿಂಬೆಯ ಕಾಯಿ ಬಿರಿದರೆ, ದ್ರಾಕ್ಷಿಯ ಎಲೆಗೆ ಬೂದಿ ರೋಗ ಹತ್ತಿದರೆ ನನ್ನನ್ನು ಕರೆಯುತ್ತಿದ್ದರು. ನನ್ನ ನಾಲಗೆ ಸ್ವಲ್ಪ ಖಾರ. ನಾನು ಹೇಳಿದ್ದನ್ನು ಬಿಟ್ಟು ಅಂಗಡಿಯವ ಹೇಳಿದ ಔಷಧ ಹೊಡೆದು ಬಂದವರಿಗೆ ಮೊದಲು ಬೈದು, ಆಮೇಲೆ ಚಹಾ ಕುಡಿಸುತ್ತಿದ್ದೆ. ಚಹಾದ ಆಸೆಗೇ ಕೆಲವರು ಬೈಸಿಕೊಳ್ಳಲು ಬರುತ್ತಾರೆ ಎಂದು ಆಫೀಸಿನವರು ನಗುತ್ತಿದ್ದರು.

ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟು ತೋಟ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಮರೆಯಲಾಗದ ಗಿಡ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ದಾಳಿಂಬೆಯೂ ಅಲ್ಲ, ದ್ರಾಕ್ಷಿಯೂ ಅಲ್ಲ. ತಿಕೋಂಡಿ ಎಂಬ ಹಳ್ಳಿಯ ಒಂದು ಮನೆಯ ಕುಂಡದಲ್ಲಿದ್ದ ಆರ್ಕಿಡ್. ನಮ್ಮ ಎರೆ ಹೊಲಗಳ ಸೀಮೆಯಲ್ಲಿ ಆರ್ಕಿಡ್ ಎಲ್ಲಿಂದ ಬಂತಪ್ಪಾ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ತಿಕೋಂಡಿಯ ಟೇಲರ್ ರಸೂಲ್ ನಮ್ಮ ಆಫೀಸಿಗೆ ಬಂದ. ನಲವತ್ತರ ಹತ್ತಿರದ ಮನುಷ್ಯ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದ. ಆ ವಾರ ನನ್ನ ತಲೆಯಲ್ಲಿ ಬೇರೆಯೇ ಚಿಂತೆ. ವಿಜಾಪುರದ ಕಡೆ ಸರಕಾರಿ ನೌಕರಿಯಲ್ಲಿದ್ದ ನನ್ನ ಭಾವನನ್ನು ಅಮಾನತು ಮಾಡಿದ್ದರು, ಅಂದರೆ ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ಇಳಿಸಿದ್ದರು. ಅಕ್ಕ ದಿನಾ ಫೋನ್ ಮಾಡಿ ಅಳುತ್ತಿದ್ದಳು. ಅಂಥದ್ದರಲ್ಲಿ ಈ ರಸೂಲ್ ಬಂದು ನಿಂತು, “ಸಾಹೇಬ್ರ, ನಮ್ಮ ಅಮ್ಮಾಗ ಅಮಾನತ್ತಿಂದ ಭಾಳ ತ್ರಾಸ ಆಗೇತ್ರಿ. ಊಟಾ ಬಿಟ್ಟಾಳ್ರಿ” ಎಂದ.

“ನಿಮ್ಮಮ್ಮನ್ನೂ ಮಾಡಿದ್ರೇನೋ? ಯಾವ ಖಾತೇದಾಗ ಇದ್ದಳಪ? ಆರ್ಡರ್ ಯಾರು ಕಳಿಸಿದ್ರು?”

“ಆರ್ಡರ್ ಯಾರೂ ಕಳಿಸಿಲ್ರಿ. ಸಾಲಿ ಬಾಯಾರು ಇಟ್ಟು ಹೋಗ್ಯಾರ್ರಿ.”

ನನಗೆ ರೇಗಿತು. “ನಿಮ್ಮಮ್ಮನ್ನ ಅಮಾನತ್ತ ಮಾಡಾಕ ಸಾಲಿ ಬಾಯಿಗೇನು ಅಧಿಕಾರ ಐತೋ?”

ರಸೂಲ್ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. “ಅಮ್ಮನ್ನಲ್ರಿ ಸಾಹೇಬ್ರ... ಗಿಡಾರಿ, ಗಿಡಾ!”

ಆಫೀಸಿನಲ್ಲಿ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ವಿಷಯ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಕನ್ನಡ ಪೇಪರ್ ಓದುವ ನನಗೆ ಅಮಾನತು ಎಂದರೆ ನೌಕರಿಗೆ ಬಂದ ಕುತ್ತು. ರಸೂಲನ ಮನೆಯಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಕೈಯಲ್ಲಿ ಇಟ್ಟು ಹೋದ ವಸ್ತು. ಅವರು ತಿರುಗಿ ಬಂದಾಗ ಅದನ್ನು ಇದ್ದ ಹಾಗೆ ಒಪ್ಪಿಸಬೇಕು. ಅದು ಚಿನ್ನವೇ ಆಗಲಿ, ಚಮಚವೇ ಆಗಲಿ, ದೇವರ ಎದುರಿಗೆ ಲೆಕ್ಕ ಒಂದೇ.

ನಡೆದದ್ದು ಇಷ್ಟು. ರಸೂಲನ ತಾಯಿ ದಾವಲಬಿ ಮನೆಯ ಮುಂದಿನ ಖೋಲಿಯನ್ನು ಶಾಲೆಯ ಶಿಕ್ಷಕಿಯೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದರು. ಕೊಂಕಣದ ಕಡೆಯ ಹೆಣ್ಣುಮಗಳು, ಸಾವಂತ ಬಾಯಿ. ತೌರಿನ ನೆನಪಿಗೆ ಅಲ್ಲಿಂದ ಒಂದು ಆರ್ಕಿಡ್ ತಂದು ಕುಂಡದಲ್ಲಿ ಇಟ್ಟುಕೊಂಡಿದ್ದರು. ಜೂನಿನಲ್ಲಿ ಹೆರಿಗೆಗೆಂದು ತೌರಿಗೆ ಹೊರಟಾಗ, ಬಸ್ಸು ಬದಲಿಸುತ್ತ ಹೋಗುವ ಬಸುರಿ ಕುಂಡ ಹೊತ್ತುಕೊಂಡು ಹೋಗಲಾರದೆ, “ಆಜೀ, ನಾ ಬರೂತನಕ ನೋಡಿಕೋರಿ” ಎಂದು ದಾವಲಬಿಯ ಕೈಗೆ ಕೊಟ್ಟಿದ್ದರು. ಈಗ ಆ ಗಿಡ ಸಾಯುತ್ತಿತ್ತು. ಇದೇ ಹೊತ್ತಿಗೆ ದಾವಲಬಿಗೆ ಹಜ್ ಯಾತ್ರೆಯ ಚೀಟಿಯಲ್ಲಿ ಹೆಸರು ಬಂದಿತ್ತು. ಜನವರಿ ಕೊನೆಗೆ ಮಗನ ಜೊತೆ ಹೊರಡಬೇಕು.

“ಹಜ್‌ಗೆ ಹೋಗೂದಕ್ಕ ಮುಂಚೆ ಎಲ್ಲಾರ ಹಂತೇಕ ಮಾಫಿ ಕೇಳಿ, ಅಮಾನತ್ ಇದ್ರ ಒಪ್ಪಿಸಿ ಹೋಗಬೇಕ್ರಿ,” ಎಂದ ರಸೂಲ್. “ಗಿಡ ಸತ್ರ ನಾ ಹೊಂಡಂಗಿಲ್ಲ ಅಂತಾಳ್ರಿ ಅಮ್ಮ. ಜಿಂದಗಿ ತುಂಬ ಇದೊಂದ ಆಸೆ ಇಟಗೊಂಡು ಕುಂತಾಕಿ ಅದಾಳ್ರಿ.”

“ನಾನು ದಾಳಿಂಬ್ರಿ ನೋಡಾಂವ ಮಾರಾಯ” ಎಂದೆ. ಆದರೂ ಮರುದಿನ ಆ ಕಡೆಯೇ ಹೋಗುವುದಿತ್ತು. ಬೈಕ್ ತಿಕೋಂಡಿಯತ್ತ ತಿರುಗಿಸಿದೆ.

ದಾವಲಬಿಗೆ ಆಗ ಅರವತ್ತರ ಮೇಲೆ. ಸಣಕಲು ದೇಹ, ಕಿವಿಗೆ ದಾರದಿಂದ ಕಟ್ಟಿಕೊಂಡ ಕನ್ನಡಕ. “ಬರ್ರಿ ಸಾಹೇಬ್ರ, ಕುಂದ್ರಿ” ಎಂದು ಕೌದಿ ಹಾಸಿ, ನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಗಿಡದ ಮಾತು ತೆಗೆಯಲಿಲ್ಲ. ನೀರಿನ ಲೋಟ ಕೆಳಗಿಟ್ಟ ಮೇಲೆ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟರು. ಆಸ್ಪತ್ರೆಯಲ್ಲಿ ಕೂಸನ್ನು ಡಾಕ್ಟರರ ಮುಂದೆ ಮಲಗಿಸಿ ಮುಖ ನೋಡುವ ತಾಯಂದಿರ ಹಾಗೆ ನನ್ನ ಮುಖವನ್ನೇ ನೋಡುತ್ತ ನಿಂತರು.

ಗಿಡದ ದಪ್ಪ ಪಟ್ಟಿಯಂಥ ಎಲೆಗಳಲ್ಲಿ ಕೆಳಗಿನವು ಹಳದಿಯಾಗಿ ಜೋತು ಬಿದ್ದಿದ್ದವು. ನಡುವಿನ ಸುಳಿ ಮಾತ್ರ ಇನ್ನೂ ಹಸಿರು. ಕುಂಡಕ್ಕೆ ಮೂಗು ಹತ್ತಿರ ತಂದರೆ ಕೊಳೆತ ವಾಸನೆ. ಅದರೊಳಗೆ ಇದ್ದದ್ದು ಏನು ಅಂತೀರಿ? ಕರ್ರಗೆ ಮಿಂಚುವ ಎರೆ ಮಣ್ಣು, ಕೆಸರಾಗಿ ಗಚ್ಚಿನಂತೆ ಹಿಡಿದುಕೊಂಡಿತ್ತು.

“ಬಾಯಾರು ಕೊಟ್ಟಾಗ ಇದರಾಗ ಈ ಮಣ್ಣ ಇತ್ತೇನ್ರಿ?” ಎಂದೆ.

“ಎಲ್ಲೀ ಮಣ್ಣರಿ! ಬರೇ ಇದ್ದಲಿ, ಇಟ್ಟಂಗಿ ಚೂರು. ಪಾಪ, ಬೇರೆಲ್ಲಾ ಹೊಟ್ಟಿಗಿಲ್ದ ಕುಂಡದ ಹೊರಗ ಬಂದು ನಿಂತಿದ್ವು. ಓದಿದಾಕಿ ಹುಡುಗಿ, ಗಿಡಕ್ಕ ಮಣ್ಣ ಬೇಕನ್ನೂದ ಗೊತ್ತಿಲ್ಲ ನೋಡ್ರಿ ಅಂತ ನನಗ ಭಾಳ ಕೆಟ್ಟ ಅನಿಸ್ತು. ಡೋಣಿ ದಂಡೀ ಮ್ಯಾಲ ನಮ್ಮ ತಮ್ಮಂದು ಹೊಲಾ ಐತಿ. ಅಲ್ಲಿಂದ ಮಣ್ಣ ತರಿಸಿದೆ. ಕುರಿ ಹಿಕ್ಕಿ ಅರದು ಹಾಕಿದೆ. ನಾವು ಕುಡದಾಗೊಮ್ಮಿ ಅದಕ್ಕೂ ನೀರ ಹಾಕೀನ್ರಿ. ನನ್ನ ಪಾಲಿನ ನೀರ ಕಮ್ಮಿ ಮಾಡೀನಿ, ಅದಕ್ಕ ಕಮ್ಮಿ ಮಾಡಿಲ್ಲ.”

ತುದಿ ನಾಲಗೆಗೆ ಬಂದ ಬೈಗುಳ ಅಲ್ಲೇ ನಿಂತಿತು. ಡೋಣಿ ಹರಿದರೆ ಓಣೆಲ್ಲ ಜೋಳ ಎಂದು ನಮ್ಮ ಕಡೆ ಸಣ್ಣ ಮಕ್ಕಳೂ ಹೇಳುತ್ತವೆ. ಆ ಹೊಳೆಯ ದಂಡೆಯ ಮಣ್ಣು ಎಂದರೆ ನಮ್ಮವರ ಪಾಲಿಗೆ ಮಣ್ಣುಗಳಲ್ಲಿ ಅರಸ. ಅದರ ಜೊತೆಗೆ ಕುರಿ ಗೊಬ್ಬರ. ಅದರ ಮೇಲೆ ನೀರು. ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವ ಊರಿನಲ್ಲಿ ತನ್ನ ಪಾಲಿನ ನೀರು! ಈ ಸೀಮೆಯಲ್ಲಿ ಒಂದು ಜೀವಕ್ಕೆ ಕೊಡಬಹುದಾದ ಮರ್ಯಾದೆಯನ್ನೆಲ್ಲ ಆ ತಾಯಿ ಆ ಗಿಡಕ್ಕೆ ಕೊಟ್ಟಿದ್ದರು. ಗಿಡ ಸಾಯುತ್ತಿದ್ದದ್ದು ಆ ಮರ್ಯಾದೆಯಿಂದಲೇ. ಬೈಯುವುದಾದರೂ ಯಾರಿಗೆ?

“ಆ ಇದ್ದಲಿ ಏನ್ ಮಾಡಿದ್ರಿ?” ಎಂದು ಕೇಳಿದೆ. ರಸೂಲ್ ತಲೆ ಕೆರೆದುಕೊಂಡ. ಅದು ಅವನ ಇಸ್ತ್ರಿ ಪೆಟ್ಟಿಗೆಯಲ್ಲಿ ಉರಿದು ಬೂದಿಯಾಗಿತ್ತು.

ಆರ್ಕಿಡ್ ಬಗ್ಗೆ ನನಗೆ ಗೊತ್ತಿದ್ದದ್ದು ಕಾಲೇಜಿನಲ್ಲಿ ಕೇಳಿದ ಒಂದು ಪಾಠದಷ್ಟು. ಈ ಜಾತಿಯ ಗಿಡಗಳಿಗೆ ಎಪಿಫೈಟ್ ಎನ್ನುತ್ತಾರೆ. ಕಾಡಿನಲ್ಲಿ ಇವು ನೆಲಕ್ಕೆ ಇಳಿಯುವುದಿಲ್ಲ. ದೊಡ್ಡ ಮರದ ಕೊಂಬೆ ಹಿಡಿದು ಕೂತು, ಬೇರುಗಳನ್ನು ಗಾಳಿಯಲ್ಲಿ ಬಿಟ್ಟು, ಮಳೆಯ ಹನಿ ಮತ್ತು ಮಂಜನ್ನು ಕುಡಿದು ಬದುಕುತ್ತವೆ. ಮರದ ರಸ ಹೀರುವುದಿಲ್ಲ, ಕೂರಲು ಜಾಗ ಕೇಳುತ್ತವೆ ಅಷ್ಟೇ. ಬೇರಿನ ಮೇಲೆ ವೆಲಮೆನ್ ಎಂಬ ಬಿಳಿಯ ಮೆತ್ತನೆಯ ಪದರ ಇರುತ್ತದೆ. ನೀರು ತಾಗಿದರೆ ಅದು ಹೀರಿಕೊಂಡು ಹಸಿರಾಗುತ್ತದೆ, ಆರಿದರೆ ಮತ್ತೆ ಬೆಳ್ಳಗಾಗುತ್ತದೆ. ನೀರಿನಷ್ಟೇ ಗಾಳಿಯೂ ಅದಕ್ಕೆ ಬೇಕು. ಅಂಥ ಬೇರನ್ನು ಎರೆ ಮಣ್ಣಿನಲ್ಲಿ ಹೂತರೆ ಉಸಿರು ಕಟ್ಟುತ್ತದೆ.

ಜತ್ತಕ್ಕೆ ಬಂದು ಎಸ್‌ಟಿಡಿ ಬೂತಿನಿಂದ ಕೊಂಕಣದಲ್ಲಿದ್ದ ನನ್ನ ಸಹಪಾಠಿಗೆ ಫೋನ್ ಹಚ್ಚಿದೆ. ಅವನಿಗೆ ಹೂವಿನ ಗಿಡಗಳೇ ಕಸುಬು. “ಜತ್ತದಾಗ ಆರ್ಕಿಡ್ಡೇನೋ?” ಎಂದು ನಗುವುದರಲ್ಲೇ ಅರ್ಧ ಕಾಲ ಕಳೆದ. ಆಮೇಲೆ ಹೇಳಿದ: ಕೊಳೆತದ್ದು ಒಂದಿಷ್ಟೂ ಉಳಿಯದಂತೆ ಕತ್ತರಿಸು, ಬೂಷ್ಟು ಹಿಡಿಯದಂತೆ ಔಷಧ ಹಚ್ಚು, ನೆರಳಲ್ಲಿ ಒಣಗಿಸು, ಗಾಳಿಗೆ ತೂಗಿಹಾಕು. ದಿನಕ್ಕೆ ಒಮ್ಮೆ ಬೇರು ನೆನೆದರೆ ಸಾಕು. ಗೊಬ್ಬರದ ಹೆಸರೆತ್ತಬೇಡ. ಸುತ್ತಲಿನ ಗಾಳಿ ಮಾತ್ರ ಸ್ವಲ್ಪ ಹಸಿಯಾಗಿರಲಿ, ಇಲ್ಲದಿದ್ದರೆ ನಿಮ್ಮ ಬಿಸಿಲಿಗೆ ಗಿಡ ಹಪ್ಪಳ ಆಗುತ್ತದೆ.

ಎರಡು ದಿನ ಬಿಟ್ಟು ಮತ್ತೆ ತಿಕೋಂಡಿಗೆ ಹೋದೆ. ಅಂಗಳದಲ್ಲಿ ಕುಂಡ ಒಡೆಯದಂತೆ ಗಿಡ ಬಿಡಿಸಿ, ಮಣ್ಣು ತೊಳೆದೆ. ಬೇರುಗಳು ಕಂದಾಗಿ, ಹಿಡಿದರೆ ಕೈಯಲ್ಲೇ ಹಿಸುಕಿ ಬರುತ್ತಿದ್ದವು. ಗಟ್ಟಿಯಾಗಿ ಉಳಿದಿದ್ದವು ಎರಡೇ ಬೇರು. ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ ಕತ್ತರಿಸುತ್ತ ಹೋದೆ. ದಾವಲಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದರು. ಒಂದೊಂದು ಬೇರು ಬಿದ್ದಾಗಲೂ “ಯಾ ಅಲ್ಲಾ” ಎನ್ನುತ್ತಿದ್ದರು. ಕತ್ತರಿಸಿದ್ದನ್ನೆಲ್ಲ ಕಾಲಿನಿಂದ ತಿಪ್ಪೆಯ ಕಡೆ ಸರಿಸಿ, ದ್ರಾಕ್ಷಿಗೆ ಬಳಸುವ ಕಾರ್ಬೆಂಡಾಜಿಮ್ ಪುಡಿಯನ್ನು ಗಾಯಗಳಿಗೆ ಹಚ್ಚಿದೆ. ಕೆಲಸ ಮುಗಿಸಿ ನೋಡಿದರೆ ಗಿಡ ಅರ್ಧವಾಗಿತ್ತು.

“ಇನ್ನ ಇದನ್ನ ಎಲ್ಲಿ ಹಚ್ಚೂದ್ರಿ?” ಎಂದರು.

“ಎಲ್ಲೂ ಹಚ್ಚೂದಿಲ್ಲ. ತೂಗ ಹಾಕೂದು.”

“ಮಣ್ಣಿಲ್ದ?”

“ಮಣ್ಣೂ ಇಲ್ಲ, ಗೊಬ್ಬರಾನೂ ಇಲ್ಲ.” ಅವರ ಮುಖ ಇಳಿದದ್ದು ನೋಡಿ ನಗಿಸೋಣವೆಂದು ನಮ್ಮ ಭಾವನ ಕಥೆ ಹೇಳಿದೆ. “ನೋಡ್ರಿ ಅವ್ವಾರ, ಸರಕಾರ ನಮ್ಮ ಭಾವನ್ನ ಕುರ್ಚಿಯಿಂದ ಇಳಿಸೇತಿ. ಕೆಲಸಾ ಇಲ್ಲ, ಪೂರಾ ಪಗಾರಾ ಇಲ್ಲ. ಜೀವಾ ಹಿಡದಿರಲಿ ಅಂತ ಅರ್ಧಾ ಪಗಾರ ಕೊಡ್ತಾರ. ವಿಚಾರಣಿ ಮುಗಿಯೂತನಕ ಹಂಗ ಜೋತ್ಯಾಡಬೇಕು. ನಿಮ್ಮ ಅಮಾನತ್ತನ್ನ ನಾ ಈಗ ಅಮಾನತ್ತ ಮಾಡೀನಿ, ತಿಳೀತಿಲ್ಲೋ?”

ರಸೂಲ್ ಹೊಟ್ಟೆ ಹಿಡಿದು ನಕ್ಕ. ದಾವಲಬಿ ನಗಲಿಲ್ಲ. ಗಿಡವನ್ನೇ ನೋಡುತ್ತ, “ಅಂದ್ರ ರೋಜಾ ಹಿಡಸೂದನ್ರಿ ಇದಕ್ಕ? ಮುಂಜಾನಿ ಒಮ್ಮಿ ಕುಡಸೂದು, ಆಮ್ಯಾಗ ಬಾಯಿ ಮುಚ್ಚೂದು” ಎಂದರು.

ರೋಜಾ ಎಂದರೆ ರಮ್‌ಜಾನಿನ ಉಪವಾಸ. ನಾನು ಎಷ್ಟು ವಿವರಿಸಿದ್ದರೂ ಅಷ್ಟು ಸರಿಯಾಗಿ ಹೇಳುತ್ತಿರಲಿಲ್ಲ. “ಹೌದ್ರಿ, ಅದ ಅದ” ಎಂದೆ.

ಉಳಿದದ್ದು ಜಾಗದ ಪ್ರಶ್ನೆ. ಗಾಳಿಯಾಡಬೇಕು, ನೆರಳಿರಬೇಕು, ಹಸಿಯೂ ಇರಬೇಕು. ತಿಕೋಂಡಿಯಲ್ಲಿ ಹಸಿ ಗಾಳಿ ಎಲ್ಲಿ ಹುಡುಕುವುದು? ಮನೆಯನ್ನೆಲ್ಲ ಸುತ್ತಿದೆವು. ಅಡಿಗೆ ಮನೆಯಲ್ಲಿ ಹೊಗೆ, ಬಚ್ಚಲಲ್ಲಿ ಗಾಳಿಯಿಲ್ಲ, ಅಂಗಳದಲ್ಲಿ ಬಿಸಿಲು. ಕೊನೆಗೆ ಹಿತ್ತಲ ಪಡಸಾಲೆಯ ಮೂಲೆಯಲ್ಲಿ ಒಂದು ಕಲ್ಲಿನ ಕಟ್ಟೆ ಕಂಡಿತು. ಅದು ವಜೂ ಮಾಡುವ ಜಾಗ, ಅಂದರೆ ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆದುಕೊಳ್ಳುವ ಕಟ್ಟೆ. ಮೇಲೆ ತಗಡಿನ ನೆರಳು, ಎರಡೂ ಕಡೆಯಿಂದ ಗಾಳಿ. ಮನೆಯವರು ದಿನಕ್ಕೆ ಐದು ಸಲ ತೊಳೆದುಕೊಂಡ ನೀರು ಕಲ್ಲಿನ ಮೇಲೆ ಆರುತ್ತಲೇ ಇರುತ್ತಿತ್ತು. ಒಮ್ಮೆ ಆರಿತು ಎನ್ನುವಷ್ಟರಲ್ಲಿ ಮುಂದಿನ ನಮಾಜಿನ ಹೊತ್ತು. ಇದಕ್ಕಿಂತ ಚಲೋ ಜಾಗ ಕೊಂಕಣದಲ್ಲೂ ಸಿಗಲಿಕ್ಕಿಲ್ಲ ಎನ್ನಿಸಿತು. ಜಾಲಿ ಮರದ ಒರಟು ತುಂಡೊಂದಕ್ಕೆ ಗಿಡವನ್ನು ಉಣ್ಣೆಯ ಹುರಿಯಿಂದ ಕಟ್ಟಿ, ಆ ಕಟ್ಟೆಯ ಮೇಲೆ ತೂಗಿಹಾಕಿದೆವು.

ಸುದ್ದಿ ಊರಿಗೆ ಹಬ್ಬಿತು. “ದಾವಲಬಿ ಮನ್ಯಾಗ ಗಿಡಾ ಗಲ್ಲಿಗೆ ಹಾಕ್ಯಾರಂತ” ಎಂದು ನೋಡಲು ಜನ ಬಂದರು. “ಮನಷಾರಿಗೆ ಕುಡ್ಯಾಕ ನೀರಿಲ್ಲ, ಇವರಿಗಿ ಗಿಡದ ಶೋಕಿ” ಎಂದವರೂ ಇದ್ದರು.

ಮೊದಲ ತಿಂಗಳು ಕಷ್ಟದ್ದು. ಎಲೆಗಳು ಸುಕ್ಕುಗಟ್ಟಿದವು. ಕೆಳಗಿನವು ಒಂದರ ಹಿಂದೆ ಒಂದು ಉದುರಿದವು. ಅಕ್ಟೋಬರಿನಲ್ಲಿ ಒಂದು ದಿನ, ಜತ್ತದ ಸರಕಾರಿ ಆಫೀಸಿನ ಮೆಟ್ಟಿಲು ಎಂದೂ ಹತ್ತದ ದಾವಲಬಿ ಮಗನ ಜೊತೆ ನನ್ನ ಮೇಜಿನ ಮುಂದೆ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

“ಸಾಹೇಬ್ರ, ಇನ್ನೊಂದ ಎಲಿ ಬಿತ್ತು. ಖರೇ ಹೇಳ್ರಿ. ಬದಕ್ತೇತೋ ಇಲ್ಲೋ?”

ರೈತರಿಗೆ ಧೈರ್ಯ ಹೇಳುವುದು ನಮ್ಮ ನೌಕರಿಯ ಒಂದು ಭಾಗ. “ಆಗತೈತಿ ಬಿಡ್ರಿ” ಎನ್ನುವ ಮಾತು ನಮ್ಮ ಬಾಯಿಂದ ತಾನಾಗಿ ಬರುತ್ತದೆ. ಆ ಕಣ್ಣುಗಳ ಎದುರಿಗೆ ಅದು ಬರಲಿಲ್ಲ. “ನನಗ ಗೊತ್ತಿಲ್ರಿ ಅವ್ವಾರ. ಸುಳಿ ಹಸರ ಇರೂತನಕ ಆಸೆ ಐತಿ, ಇಷ್ಟು ಹೇಳಬಲ್ಲೆ” ಎಂದೆ.

ರಸೂಲ್ ನಡುವೆ ಬಾಯಿ ಹಾಕಿದ. “ಸಾಹೇಬ್ರ, ಸಾಂಗ್ಲಿ ನರ್ಸರ್‍ಯಾಗ ಇಂಥಾ ಗಿಡ ಸಿಗತಾವಂತ. ಒಂದು ತಂದು ಅದ ಕುಂಡದಾಗ ಇಟ್ರ ಬಾಯಾರಿಗಿ ಹೆಂಗ ಗೊತ್ತಾಗಬೇಕ್ರಿ? ನೀವರ ಹೇಳ್ರಿ ಅಮ್ಮಾಗ.”

ದಾವಲಬಿ ಮಗನ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ಬಾಯಾರಿಗಿ ಗೊತ್ತಾಗಂಗಿಲ್ಲ, ಖರೇ. ನನಗ ಗೊತ್ತಿರತೇತಲ್ಲಪಾ? ಅದನ್ನ ಹೊತಗೊಂಡು ಕಾಬಾದ ಮುಂದ ಹೆಂಗ ನಿಂದರಲಿ? ಒಬ್ಬರು ನಿನ್ನ ಕೈಯಾಗ ಕೂಸ ಕೊಟ್ಟು ಹೋಗ್ಯಾರ. ಅದಕ್ಕ ಜಡ್ಡ ಬಂತು ಅಂತ ಬ್ಯಾರೆ ಕೂಸ ತಂದು ತೊಟ್ಟಿಲಾಗ ಹಾಕ್ತೀಯೇನು?”

ರಸೂಲ್ ಮತ್ತೆ ಆ ಮಾತು ಎತ್ತಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು, ಚಹಾ ತರಿಸಿದೆ. ಚಹಾ ಕುಡಿಯುತ್ತ ಆ ತಾಯಿ ಒಂದು ಮಾತು ಹೇಳಿದರು: “ಮುಂಜಾನಿ ಒಮ್ಮಿ ಬಿಟ್ರ ನೀರ ಹಾಕ್ಬ್ಯಾಡ್ರಿ ಅಂತ ಹೇಳಿದ್ರಲ್ಲ, ಅದರಷ್ಟ ಕಠಿಣ ಕೆಲಸ ನಾ ಮಾಡಿಲ್ರಿ. ತಂಬಿಗಿ ತುಂಬಿ ಅಲ್ಲೀತನಕ ಹೋಗತೀನಿ. ತಿರುಗಿ ಬರತೀನಿ. ಕೈ ಕೇಳಂಗಿಲ್ರಿ. ಆ ನೀರ ಒಯ್ದು ಮದರಂಗಿ ಗಿಡಕ್ಕ ಹಾಕ್ತೀನಿ.” ಅದು ನಿಜ. ಆ ವರ್ಷ ಅವರ ಹಿತ್ತಲ ಮದರಂಗಿ ಗಿಡ ಎಂದೂ ಇಲ್ಲದಷ್ಟು ಸೊಂಪಾಗಿ ಬೆಳೆದು, ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಎಲೆ ಕೊಯ್ದುಕೊಂಡು ಹೋಗುತ್ತಿದ್ದರು.

ನಾನು ಎಷ್ಟೋ ರೈತರಿಗೆ ಹೇಳಿ ಸೋತ ಮಾತು ಅದು. ದ್ರಾಕ್ಷಿಗೆ ನೀರು ಬಿಡಬೇಡ ಎಂದರೆ ಕದ್ದು ಬಿಡುತ್ತಾರೆ. ಔಷಧ ಸಾಕು ಎಂದರೆ ಇನ್ನೊಂದು ಸಲ ಹೊಡೆಯುತ್ತಾರೆ. ಏನೂ ಮಾಡದೆ ಕಾಯುವುದು ನಮ್ಮ ಜನಕ್ಕೆ ಬರುವುದಿಲ್ಲ, ನನಗೂ ಬರುವುದಿಲ್ಲ. ಕೈ ಕಟ್ಟಿ ಕಾಯುವ ಆ ತಾಯಿಯ ಗಟ್ಟಿತನ ನೋಡಿ ನನಗೆ ಅವರ ಮೇಲೆ ದೊಡ್ಡ ಗೌರವ ಮೂಡಿತು.

ಹಿಂಗಾರು ಮಳೆ ಒಂದೆರಡು ಸಲ ಚೆನ್ನಾಗಿ ಬಂದು ಹೋಯಿತು. ರಮ್‌ಜಾನ್ ತಿಂಗಳು ಶುರುವಾದ ಮೇಲೆ ಒಂದು ಮಧ್ಯಾಹ್ನ ಅಸಂಗಿ ಹಳ್ಳಿಯಿಂದ ಬರುವಾಗ ಅವರ ಮನೆ ಹೊಕ್ಕೆ. ದಾವಲಬಿ ರೋಜಾದಲ್ಲಿದ್ದರು, ತುಟಿ ಒಣಗಿತ್ತು. ನನ್ನನ್ನು ನೇರವಾಗಿ ವಜೂ ಕಟ್ಟೆಗೆ ಕರೆದುಕೊಂಡು ಹೋಗಿ ಬೆರಳು ಮಾಡಿದರು. ಗಿಡದ ಬುಡದಲ್ಲಿ, ಹಳೆಯ ಗಾಯದ ಪಕ್ಕದಲ್ಲೇ, ಅಕ್ಕಿ ಕಾಳಿನಷ್ಟು ಹಸಿರು ತುದಿಯೊಂದು ಹೊರಗೆ ಮೂತಿ ಹಾಕಿತ್ತು. ಹೊಸ ಬೇರು!

“ಬೇರ ಹೌದಲ್ರಿ? ನನ್ನ ಕಣ್ಣ ಸುಳ್ಳ ಹೇಳಾಕತ್ತಿಲ್ಲಲ್ರಿ?”

“ಬೇರ ಹೌದ್ರೀ ತಾಯಿ, ಬೇರ!” ಎಂದು ನಾನು ಜೋರಾಗಿ ಕೂಗಿಬಿಟ್ಟೆ. ಪಕ್ಕದ ಮನೆಯವರು ಏನಾಯಿತೋ ಎಂದು ಗೋಡೆಯ ಮೇಲಿನಿಂದ ಇಣುಕಿದರು. ಎಕರೆಗಟ್ಟಲೆ ತೋಟ ಉಳಿದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಜನವರಿಯಲ್ಲಿ ಸಾವಂತ ಬಾಯಿ ಕೂಸನ್ನು ಎತ್ತಿಕೊಂಡು ಕೆಲಸಕ್ಕೆ ತಿರುಗಿ ಬಂದರು. ದಾವಲಬಿ ಹೊರಡುವ ದಿನವೂ ಹತ್ತಿರ ಬಂದಿತ್ತು. “ನಾಳೆ ಅಮಾನತ್ ಒಪ್ಪಸ್ತಾಳ್ರಿ, ನೀವೂ ಇರಬೇಕಂತ” ಎಂದು ರಸೂಲ್ ಕರೆಯಲು ಬಂದ. ಹೋದೆ. ಗಿಡವನ್ನು ಹಳೆಯ ಕುಂಡದಲ್ಲೇ ಹೊಸ ಇದ್ದಲು, ಇಟ್ಟಿಗೆಯ ಚೂರು ಹಾಕಿ ನಾನೇ ಕೂರಿಸಿಕೊಟ್ಟೆ. ನಾಲ್ಕಾರು ಎಲೆ, ಒಂದಿಷ್ಟು ಹೊಸ ಬೇರು. ಹೂವಿಲ್ಲ, ಮೊಗ್ಗಿಲ್ಲ. ಸಾವಂತ ಬಾಯಿ ಕೊಟ್ಟು ಹೋದಾಗ ಇದ್ದದ್ದರ ಅರ್ಧ ಗಿಡ.

ಓಣಿಯ ಜನ ಪಡಸಾಲೆಯಲ್ಲಿ ಸೇರಿದ್ದರು. ದಾವಲಬಿ ಬೆಳಿಗ್ಗೆಯಿಂದ ಮನೆ ಮನೆಗೆ ಹೋಗಿ “ಅಂದದ್ದು ಆಡಿದ್ದು ಮಾಫ್ ಮಾಡ್ರಿ” ಎಂದು ಕೇಳಿ ಬಂದಿದ್ದರು. ನನ್ನ ಹತ್ತಿರವೂ ಬಂದು, “ನೀವು ಗಿಡಾ ತೂಗ ಹಾಕಿದಾಗ ಮನಸಿನ್ಯಾಗ ಭಾಳ ಬೈದೀನ್ರಿ ನಿಮಗ. ಮಾಫ್ ಮಾಡ್ರಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು, ಮಾಫ್ ಮಾಡಿದೆ ಎಂದೆ. ಆಮೇಲೆ ಅವರು ಕುಂಡವನ್ನು ಎತ್ತಿ ಸಾವಂತ ಬಾಯಿಯ ಮುಂದೆ ಇಟ್ಟು, ಮಣ್ಣು ಹಾಕಿದ್ದು, ನೀರು ಹಾಕಿದ್ದು, ಬೇರು ಕೊಳೆತದ್ದು, ಒಂದನ್ನೂ ಬಿಡದೆ ಹೇಳಿದರು.

ಬಾಯಿ ಒಳ್ಳೆಯ ಮನಸ್ಸಿನವರು. ಹಗುರ ಮಾಡಲು ನೋಡಿದರು. “ಆಜೀ, ಜಾವೂ ದ್ಯಾ, ಹೋಗಲಿ ಬಿಡ್ರಿ! ನಮ್ಮ ಆಯೀ ಮನಿ ಮಾವಿನ ಗಿಡದಾಗ ಇಂಥಾವು ಬೇಕಾದಷ್ಟು ಅದಾವ. ಸತ್ತಿದ್ರ ಇನ್ನೊಂದು ತರತಿದ್ದೆ. ಇದಕ್ಕ ಯಾಕ ಇಷ್ಟು ಹಚ್ಚಿಕೊಂಡ್ರಿ?”

ದಾವಲಬಿ ಒಳಗೆ ಹೋಗಿ ಬಿಳಿಯ ಅರಿವೆಯ ಒಂದು ಗಂಟು ತಂದರು. ಕುಂಡದ ಪಕ್ಕದಲ್ಲಿ ಇಟ್ಟು, ಗಂಟು ಬಿಚ್ಚಿದರು.

ಅದರಲ್ಲಿ ಗಿಡದಿಂದ ಉದುರಿದ ಎಲೆಗಳಿದ್ದವು. ಒಣಗಿ ಕಂದಾಗಿ ಸುರುಳಿ ಸುತ್ತಿದ್ದವು. ಅವುಗಳ ಜೊತೆಗೆ ಬೇರಿನ ತುಂಡುಗಳು. ನಾನು ಕತ್ತರಿಸಿ ಕಾಲಿನಿಂದ ತಿಪ್ಪೆಗೆ ಸರಿಸಿದ್ದ ಆ ಕೊಳೆತ ಬೇರುಗಳು! ನಾನು ಅತ್ತ ಹೋದ ಮೇಲೆ ಅವನ್ನು ಆರಿಸಿ ತಂದು, ತೊಳೆದು, ಒಣಗಿಸಿ, ಇಷ್ಟು ದಿನ ಇಟ್ಟುಕೊಂಡಿದ್ದರು. ರಸೂಲನಿಗೂ ಗೊತ್ತಿರಲಿಲ್ಲ.

“ಇವೂ ನಿಮ್ಮವ ಬಾಯಾರ” ಎಂದರು ದಾವಲಬಿ. “ನನ್ನ ಕೈಯಾಗ ಇಷ್ಟು ಸತ್ತಾವ. ಉಳದದ್ದಷ್ಟ ಕೊಟ್ಟು ಸತ್ತದ್ದು ಮುಚ್ಚಿಟ್ರ ಒಪ್ಪಿಸಿದಂಗ ಆಗಂಗಿಲ್ರಿ. ಇದನ್ನೂ ನೋಡ್ರಿ, ನೋಡಿ ಆಮ್ಯಾಗ ಮಾಫ್ ಮಾಡ್ರಿ. ನಗಬ್ಯಾಡ್ರಿ. ಬಾಯಿ ಬಿಟ್ಟು ಹೇಳ್ರಿ.”

ಸಾವಂತ ಬಾಯಿ ಕೂಸನ್ನು ರಸೂಲನ ಹೆಂಡತಿಯ ಕೈಗೆ ಕೊಟ್ಟು ನೆಲಕ್ಕೆ ಕುಳಿತರು. ಒಂದೊಂದೇ ಎಲೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಬೇರಿನ ತುಂಡುಗಳನ್ನೂ ನೋಡಿದರು. ಮತ್ತೆ ಎಲ್ಲವನ್ನೂ ಅರಿವೆಯಲ್ಲಿ ಇಟ್ಟು ಗಂಟು ಕಟ್ಟುವಾಗ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. “ಮಾಫ್ ಮಾಡಿದೆ, ಆಜೀ. ಎಲ್ಲಾ ಮುಟ್ಟಿತು ನನಗ” ಎಂದರು.

ದಾವಲಬಿ ಎರಡೂ ಅಂಗೈಗಳನ್ನು ಮುಖದ ಮೇಲೆ ಆಡಿಸಿಕೊಂಡರು. ಎದ್ದು ನಿಂತಾಗ ಅವರ ನಡು ನೆಟ್ಟಗಾಗಿತ್ತು. “ರಸೂಲ್, ಸಾಮಾನ ಕಟ್ಟಪಾ” ಎಂದರು.

ಅವರು ಹಜ್ ಮುಗಿಸಿ ಸುಖವಾಗಿ ತಿರುಗಿ ಬಂದರು. ನನ್ನ ಮನೆಗೆ ಖರ್ಜೂರ ಮತ್ತು ಮಕ್ಕಾದ ಜಮ್‌ಜಮ್ ಬಾವಿಯ ನೀರು ಕಳಿಸಿದ್ದರು. ಸಾವಂತ ಬಾಯಿಗೆ ಮುಂದೆ ತೌರಿನ ಕಡೆ ಬದಲಿಯಾಯಿತು, ಗಿಡವೂ ಅವರ ಜೊತೆ ಹೋಯಿತು. ಅದು ಹೂ ಬಿಟ್ಟದ್ದನ್ನು ನಾನು ನೋಡಲಿಲ್ಲ.

ನಮ್ಮ ಖಾತೆಯಲ್ಲಿ ಉಳಿದ ಗಿಡದ ಲೆಕ್ಕ ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಸಭೆಗಳಲ್ಲಿ ಚೆನ್ನಾಗಿ ಬೆಳೆದ ತೋಟದವನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತೇವೆ. ಸಲಹೆ ಕೇಳಿ ಸೋತವನು ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುತ್ತಾನೆ. ಅವನ ನಂಬಿಕೆಯೂ ನಮ್ಮ ಕೈಯಲ್ಲಿ ಇಟ್ಟ ಅಮಾನತ್ತೇ ಎನ್ನುವುದು ನನಗೆ ಆ ಗಂಟು ನೋಡಿದ ಮೇಲೆ ಹೊಳೆಯಿತು. ಮುಂದಿನ ವರ್ಷಗಳಲ್ಲಿ ದಾಳಿಂಬೆಗೆ ದುಂಡಾಣು ಅಂಗಮಾರಿ ರೋಗ ಬಂದು ತೋಟಗಳು ಕಪ್ಪಾಗತೊಡಗಿದವು. ನಾವು ಹೇಳಿದ ಔಷಧ ಕೆಲವು ಕಡೆ ನಾಟಿತು, ಕೆಲವು ಕಡೆ ನಾಟಲಿಲ್ಲ. ದರಿಬಡಚಿಯಲ್ಲಿ ರೈತರ ಸಭೆ ಕರೆದಾಗ, ನನ್ನ ಮಾತು ನಂಬಿ ಔಷಧ ಹೊಡೆದರೂ ಒಣಗಿ ಹೋದ ತೋಟದಿಂದ ಒಂದು ಟೊಂಗೆ ಮುರಿಸಿ ತಂದೆ. ಮೊದಲು ಅದನ್ನು ಮೇಜಿನ ಮೇಲೆ ಇಟ್ಟು, “ಇದು ನನ್ನ ಕೈಯಾಗ ಸತ್ತದ್ದು. ಯಾಕ ಸತ್ತಿತು ಅನ್ನೂದನ್ನ ಮೊದಲ ಹೇಳತೀನಿ” ಎಂದೆ. ಹಿಂದಿನ ಸಾಲಿನಲ್ಲಿ ಆ ತೋಟದ ಯಜಮಾನ ತಲೆ ತಗ್ಗಿಸಿ ಕೂತಿದ್ದ. ಅವನು ಎದ್ದ. ಹೊರಗೆ ಹೋಗುತ್ತಾನೆ ಎಂದುಕೊಂಡೆ. ಮುಂದೆ ಬಂದು ಕುಳಿತ.